ಮಸ್ಕತ್ತಿನಲ್ಲಿ ಹಾಡಿದ ಸಾಲು

ಮಕ್ಕಳ ಹಾಡಿನ ಸ್ಪರ್ಧೆಯ ಕೊನೆಯ ಸುತ್ತು ಮಸ್ಕತ್ತಿನಲ್ಲಿ ನಡೆಯುತ್ತದೆ ಎಂದು ತಿಳಿದ ದಿನವೇ ಹೇಮಶ್ರೀ ತಾನೂ ಹಾಡುತ್ತೇನೆ ಅಂದಳು. ಅದಕ್ಕೆ ಮುಂಚೆ ಎಷ್ಟು ಸಲ ಕರೆದರೂ ಹುಡುಗಿ ಒಪ್ಪಿರಲಿಲ್ಲ. ಹುಣಸೂರಿನ ಶಾಲೆಯಲ್ಲಿ ಸಂಗೀತ ಹೇಳಿಕೊಡುತ್ತಿದ್ದ ಸೌಂದರ್ಯ ಮಿಸ್‌ಗೆ ಅವಳ ಕಂಠದ ಮೇಲೆ ಬಲು ಆಸೆ. ಆದರೆ ಪ್ರತಿಭಾ ಕಾರಂಜಿಗೆ ಬಾ ಅಂದರೆ ಹೊಟ್ಟೆನೋವು ಅನ್ನೋಳು, ಮೈಸೂರಿನ ದಸರಾ ಕಾರ್ಯಕ್ರಮಕ್ಕೆ ಹೆಸರು ಕೊಡ್ತೀನಿ ಅಂದರೆ ಅಜ್ಜಿಗೆ ಹುಷಾರಿಲ್ಲ ಅನ್ನೋಳು. ಹನ್ನೆರಡು ವರ್ಷದ ಹುಡುಗಿ. ಕ್ಲಾಸಿನಲ್ಲಿ ಹಾಡು ಅಂದರೂ ಕಿಟಕಿಯ ಕಡೆ ತಿರುಗಿಕೊಂಡೇ ಹಾಡುತ್ತಿದ್ದಳು.

ಅವತ್ತು ಶಾಲೆ ಬಿಟ್ಟು ಬಿಳಿಕೆರೆಯಲ್ಲಿ ಬಸ್ಸಿಳಿದವಳು ಮನೆಗೆ ಹೋಗದೆ ನೇರ ಅಪ್ಪನ ಪಂಚರ್ ಅಂಗಡಿಗೆ ಬಂದಳು. ಹೆದ್ದಾರಿಯ ಅಂಚಿಗೇ ಅಂಗಡಿ. ನಟರಾಜು ಟೆಂಪೋ ಟೈರೊಂದಕ್ಕೆ ಕಬ್ಬಿಣದ ಪಟ್ಟಿ ಕೊಟ್ಟು ಮೀಟುತ್ತಿದ್ದ.

"ಅಪ್ಪ, ನಾನು ಹಾಡಿನ ಸೆಲೆಕ್ಷನ್‌ಗೆ ಹೋಗ್ತೀನಿ."

"ಇದ್ದಕ್ಕಿದ್ದಂಗೆ ಏನ್ ಬಂತವ್ವ ನಿಂಗೆ?"

"ಬೇರೆಬೇರೆ ದೇಶದ ಮಕ್ಕಳೆಲ್ಲ ಹಾಡ್ತಾರಂತೆ. ಟಿವೀಲಿ ಬರುತ್ತಂತೆ. ಫೈನಲ್ಲು ಮಸ್ಕತ್ತಲ್ಲಿ."

ನಟರಾಜು ಮೀಟುವುದನ್ನು ನಿಲ್ಲಿಸಿದ. ಹೇಮಶ್ರೀ ಹಳೆಯ ಟೈರುಗಳ ರಾಶಿಯ ಮೇಲೆ ಕೂತು ಬ್ಯಾಗನ್ನು ಮಡಿಲಲ್ಲಿಟ್ಟುಕೊಂಡು ಅವನ ಮುಖವನ್ನೇ ನೋಡುತ್ತಿದ್ದಳು. ಮಸ್ಕತ್ತಿನಲ್ಲಿ ಏನಿದೆ ಎಂದು ಅವರಿಬ್ಬರಲ್ಲಿ ಯಾರೂ ಯಾರಿಗೂ ಹೇಳಬೇಕಾಗಿರಲಿಲ್ಲ. ಮಸ್ಕತ್ತಿನಲ್ಲಿ ಸುಕನ್ಯ ಇದ್ದಳು. ಅವನ ಹೆಂಡತಿ, ಇವಳ ತಾಯಿ.

ಸುಕನ್ಯ ಮೊದಲು ಮೈಸೂರಿನ ಒಂದು ನರ್ಸಿಂಗ್ ಹೋಮಿನಲ್ಲಿ ರೋಗಿಗಳನ್ನು ನೋಡಿಕೊಳ್ಳುವ ಕೆಲಸದಲ್ಲಿದ್ದಳು. ಬೆಳಿಗ್ಗೆ ಬಸ್ಸಿಗೆ ಹೋಗಿ ಸಂಜೆ ಬಸ್ಸಿಗೆ ಬರುತ್ತಿದ್ದಳು. ಅಲ್ಲಿಗೆ ಮಾನಂದವಾಡಿಯ ಕಡೆಯಿಂದ ಸೊಂಟ ಮುರಿದುಕೊಂಡ ಮುದುಕಿಯೊಬ್ಬಳು ಬಂದು ಸೇರಿದಳು. ಎಚ್.ಡಿ. ಕೋಟೆಯ ಕಾಡು ದಾಟಿದರೆ ಸಿಗುವ ಊರು ಮಾನಂದವಾಡಿ. ಮುದುಕಿಯ ಮಾತು ಮಲಯಾಳ. ಸುಕನ್ಯ ಅರ್ಧ ಕನ್ನಡ ಅರ್ಧ ಮಲಯಾಳದಲ್ಲಿ ಅವಳನ್ನು ಗದರಿಸಿ, ನಗಿಸಿ, ನಡೆಸಿದಳು. ಮುದುಕಿಯ ಮಗ ಶ್ರೀಧರನ್ ಮಸ್ಕತ್ತಿನಲ್ಲಿ ಕೆಲಸದಲ್ಲಿದ್ದವನು. ತಾಯಿಯನ್ನು ಅಲ್ಲಿಗೇ ಕರೆದುಕೊಂಡು ಹೋಗುವಾಗ, "ಚೇಚಿ, ನೀವೂ ಎರಡು ವರ್ಷ ಬನ್ನಿ. ಅಮ್ಮ ನಿಮ್ಮನ್ನು ಬಿಟ್ಟು ಯಾರ ಮಾತೂ ಕೇಳಲ್ಲ" ಎಂದು ಅಕ್ಕನನ್ನು ಕೇಳುವಂತೆ ಬೇಡಿಕೊಂಡ.

ಸುಕನ್ಯ ಗಂಡನನ್ನು ಕೇಳಿದಳು. ನಟರಾಜು, "ಓಗ್ಬಾ. ಮಗೀನ ನಾವ್ ನೋಡ್ಕೋತೀವಿ" ಅಂದ. ಅವಳ ಸಂಬಳದಲ್ಲಿ ಮನೆಗೆ ತಾರಸಿ ಬಂತು, ಹೇಮಶ್ರೀ ಹುಣಸೂರಿನ ಒಳ್ಳೆಯ ಶಾಲೆಗೆ ಸೇರಿದಳು. ಎರಡು ವರ್ಷ ಮುಗಿದಾಗ ಸುಕನ್ಯ, "ಇನ್ನೊಂದ್ ವರ್ಷ ಇರಲೇನ್ರೀ?" ಅಂದಳು. ನಟರಾಜು, "ಆಗ್ಲಿ ಬುಡು" ಅಂದ. ಮರುವರ್ಷವೂ ಅವಳು ಹಾಗೇ ಕೇಳಿದಳು, ಇವನೂ ಹಾಗೇ ಅಂದ. ಹಾಗೆ ಅನ್ನುವುದೇ ದೊಡ್ಡತನ ಎಂದು ಅವನು ತಿಳಿದಿದ್ದ. ಫೋನಿಟ್ಟ ಮೇಲೆ ಅಂಗಡಿಯ ಹಿಂದೆ ಹೋಗಿ, ಮೈಸೂರಿನಿಂದ ಬರುವ ಬಸ್ಸುಗಳನ್ನು ಸುಮ್ಮನೆ ನೋಡುತ್ತಾ ನಿಲ್ಲುತ್ತಿದ್ದ. ಮುಂಚೆ ಅವಳು ಇಳಿಯುತ್ತಿದ್ದ ಬಸ್ಸು ಈಗಲೂ ಅದೇ ಹೊತ್ತಿಗೆ ಬರುತ್ತಿತ್ತು. ಯಾರ್ಯಾರೋ ಇಳಿಯುತ್ತಿದ್ದರು.

ಹೇಮಶ್ರೀ ಮೈಸೂರಿನಲ್ಲಿ ಹಾಡಿದಳು, ಬೆಂಗಳೂರಿನಲ್ಲಿ ಹಾಡಿದಳು, ಆಮೇಲೆ ಸೌಂದರ್ಯ ಮಿಸ್ ಜೊತೆ ಮುಂಬೈಗೂ ಹೋಗಿಬಂದಳು. ಹೊಟ್ಟೆನೋವು ಬರಲಿಲ್ಲ. ಭಾರತದ ಪರವಾಗಿ ಮುಂದೆ ನಿಂತು ಹಾಡುವವಳು ಪುಣೆಯ ಹುಡುಗಿಯೆಂದೂ, ಹಿಂದೆ ನಾಲ್ಕು ಮಕ್ಕಳು ನಿಂತು ಒಬ್ಬೊಬ್ಬರೂ ತಮ್ಮತಮ್ಮ ಭಾಷೆಯಲ್ಲಿ ಒಂದೊಂದು ಸಾಲು ಹಾಡಬೇಕೆಂದೂ ತೀರ್ಮಾನವಾಯಿತು. ಕನ್ನಡದ ಸಾಲು ಹೇಮಶ್ರೀಯ ಪಾಲಿಗೆ ಬಂತು. ಸೌಂದರ್ಯ ಮಿಸ್ಸೇ ಬರೆದುಕೊಟ್ಟ ಸಾಲು:

ಕೆರೆಯ ಮೇಲೆ ಹಕ್ಕಿ ಬಂತು, ಬೆಳಗು ಹೊತ್ತು ತಂತು.

"ಒಂದೇ ಸಾಲಾ?" ಅಂದಳು ನಟರಾಜುವಿನ ತಾಯಿ ಕೆಂಪಾಜಮ್ಮ. "ಅಷ್ಟಕ್ಕೆ ಇಮಾನ ಅತ್ತಿ ಓಗ್ಬೇಕಾ?"

"ಅಜ್ಜಿ, ಒಂದು ಸಾಲೇ ಇರ್ಲಿ. ಅಮ್ಮ ಮುಂದೆ ಕೂತು ಕೇಳುತ್ತೆ."

ಶ್ರೀಧರನ್ ಅವತ್ತು ಸುಕನ್ಯಳನ್ನು ಕಳಿಸಿಕೊಡುತ್ತೇನೆ ಎಂದು ಒಪ್ಪಿದ್ದ. ಸೌಂದರ್ಯ ಮಿಸ್ ಸಂಘಟಕರಿಗೆ ಹೇಳಿ ಮುಂದಿನ ಸಾಲಿನಲ್ಲಿ ಒಂದು ಕುರ್ಚಿಯನ್ನೂ ಕೇಳಿ ಇಡಿಸಿದ್ದಳು. ಕೆಂಪಾಜಮ್ಮ ಸೊಸೆಗೆಂದು ರಾಗಿಯ ಹುರಿಹಿಟ್ಟು ಮಾಡಿ, ಎರಡು ಕವರಿನಲ್ಲಿ ಕಟ್ಟಿ, ಮೊಮ್ಮಗಳ ಚೀಲದ ತಳಕ್ಕೆ ಇಟ್ಟಳು.

ನಟರಾಜು ತಾನೂ ಏನಾದರೂ ಕಳಿಸಬೇಕೆಂದು ಹುಣಸೂರಿನ ಬಳೆ ಅಂಗಡಿಗೆ ಹೋದ. ಹಸಿರು ಗಾಜಿನ ಬಳೆ ತೋರಿಸಿ ಇವು ಬೇಕು ಅಂದ. ಅಂಗಡಿಯಾಕೆ, "ಅಳತೆ ಎಷ್ಟಣ್ಣ?" ಅಂದಳು. ಅವನಿಗೆ ಗೊತ್ತಿರಲಿಲ್ಲ. ಹೆಂಡತಿಯ ಕೈ ಹೇಗಿತ್ತು ಎಂದು ಕಣ್ಣಮುಂದೆ ತಂದುಕೊಳ್ಳಲು ನೋಡಿದ. ರೊಟ್ಟಿ ತಟ್ಟುವ ಕೈ ಕಂಡಿತು, ಬಸ್ಸಿನ ಕಂಬಿ ಹಿಡಿದ ಕೈ ಕಂಡಿತು, ಅಳತೆ ಮಾತ್ರ ಹೊಳೆಯಲಿಲ್ಲ. ಕೊನೆಗೆ ಅಂಗಡಿಯಾಕೆಯ ಕೈಯನ್ನೇ ನೋಡಿ, "ನಿಮ್ಮಂಗೇ ಇರ್ಬೋದು ಕಣಮ್ಮ" ಎಂದು ಅಂದಾಜಿನ ಮೇಲೆ ಕೊಂಡುಕೊಂಡು ಬಂದ.

ಹೊರಡುವ ಹಿಂದಿನ ಸಂಜೆ ಹೇಮಶ್ರೀ ಆ ಬಳೆಗಳನ್ನು ಸ್ವೆಟರಿನೊಳಗೆ ಸುತ್ತಿಡುತ್ತಾ ಕೇಳಿದಳು. "ಅಪ್ಪ, ನಾನು ಅಮ್ಮನ್ನ ಮನೇಗ್ ಬಾ ಅಂತ ಕೇಳ್ಲಾ?"

"ಕೇಳವ್ವ. ನೀನ್ ಕೇಳುದ್ರೆ ಬಂದೇ ಬತ್ತಾಳೆ."

ಹೇಳಿದ ಮೇಲೆ ನಟರಾಜುವಿಗೆ ನಾಚಿಕೆಯಾಯಿತು. ತಾನು ಇಷ್ಟು ವರ್ಷ ಆಡದ ಮಾತನ್ನು ಮಗಳ ಚೀಲಕ್ಕೆ ತುರುಕಿ ಕಳಿಸುತ್ತಿದ್ದೇನೆ ಅನ್ನಿಸಿತು. ಆದರೆ ಬೇಡ ಎನ್ನಲೂ ಬಾಯಿ ಬರಲಿಲ್ಲ.

ಸ್ಪರ್ಧೆಯ ದಿನ ಸಂಜೆ ಊರಿನವರೆಲ್ಲ ತಿಮ್ಮಯ್ಯನ ಹೋಟೆಲಿನಲ್ಲಿ ಸೇರಿದರು. ಅವನ ಹೋಟೆಲಿನ ಟಿವಿ ಬಿಳಿಕೆರೆಗೇ ದೊಡ್ಡದು. ತಿಮ್ಮಯ್ಯ ಬೆಂಚುಗಳನ್ನೆಲ್ಲ ಒಂದೇ ಕಡೆ ತಿರುಗಿಸಿ, ಮುಂದಿನ ಬೆಂಚಿನಲ್ಲಿ ನಟರಾಜುವನ್ನೂ ಕೆಂಪಾಜಮ್ಮನನ್ನೂ ಕೂರಿಸಿದ. ಪರದೆಯ ಮೇಲೆ ಒಂದಾದ ಮೇಲೊಂದು ದೇಶದ ಮಕ್ಕಳು ಬಂದರು. ಬೆಂಕಿಬಣ್ಣದ ಕೂದಲಿನ ಹುಡುಗ ಬಂದ, ಗೊಂಬೆಯಂಥ ಅವಳಿ ಹುಡುಗಿಯರು ಬಂದರು. ಅವರು ಯಾವ ಭಾಷೆಯಲ್ಲಿ ಹಾಡುತ್ತಿದ್ದಾರೆಂದು ಯಾರಿಗೂ ತಿಳಿಯಲಿಲ್ಲ. ಆದರೂ ಪ್ರತಿ ಹಾಡಿಗೂ ಚಪ್ಪಾಳೆ ಬಿತ್ತು. ಪಂಚಾಯ್ತಿಯಲ್ಲಿ ಕೆಲಸ ಮಾಡುವ ಸುನೀಲ್ಕುಮಾರ್ ನಡುನಡುವೆ ನಿರೂಪಕಿಯ ಇಂಗ್ಲಿಷನ್ನು ಕನ್ನಡ ಮಾಡಿ ಹೇಳುತ್ತಿದ್ದ.

ನಟರಾಜು ಹಾಡು ಕೇಳುತ್ತಿರಲಿಲ್ಲ. ಕ್ಯಾಮೆರಾ ಜನರ ಕಡೆ ತಿರುಗಿದಾಗಲೆಲ್ಲ ಅವನ ಕಣ್ಣು ಮುಖದಿಂದ ಮುಖಕ್ಕೆ ಓಡುತ್ತಿತ್ತು. ಕತ್ತಲಲ್ಲಿ ಕೂತ ಸಾವಿರಾರು ಜನ. ಅವರಲ್ಲಿ ಎಲ್ಲೋ ಅವಳು. ಮಗಳೂ ಅವಳೂ ಈಗ ಒಂದೇ ಸೂರಿನ ಕೆಳಗೆ ಇದ್ದಾರೆ, ತಾನೊಬ್ಬನೇ ಇಲ್ಲಿ ಬೆಂಚಿನ ಮೇಲೆ ಇದ್ದೇನೆ ಅನ್ನುವುದು ಅವನಿಗೆ ಸಂತೋಷವನ್ನೂ ಕೊಟ್ಟಿತು, ಎದೆಯನ್ನೂ ಹಿಂಡಿತು.

ಭಾರತದ ಮಕ್ಕಳು ಬಂದರು. ಹೇಮಶ್ರೀ ಹಳದಿ ಲಂಗ ತೊಟ್ಟು ಎಡಗಡೆ ನಿಂತಿದ್ದಳು. ಪುಣೆಯ ಹುಡುಗಿಯ ಹಾಡು ಏರಿ ಇಳಿಯಿತು. ಮಲಯಾಳದ ಹುಡುಗ ಹಾಡಿದ, ಬಂಗಾಳದ ಹುಡುಗಿ ಹಾಡಿದಳು. ಆಮೇಲೆ ಪರದೆಯ ತುಂಬ ಹೇಮಶ್ರೀಯ ಮುಖ ಬಂತು. ಕಿಟಕಿಯ ಕಡೆ ತಿರುಗಿಕೊಳ್ಳುತ್ತಿದ್ದ ಹುಡುಗಿ ನೇರ ಎದುರು ನೋಡುತ್ತಿದ್ದಳು.

"ಕೆರೆಯ ಮೇಲೆ ಹಕ್ಕಿ ಬಂತು, ಬೆಳಗು ಹೊತ್ತು ತಂತು."

ಹೋಟೆಲಿನಲ್ಲಿ ಲೋಟದ ಸದ್ದೂ ಇರಲಿಲ್ಲ. ಅವಳು ನೋಡುತ್ತಿದ್ದುದು ಮುಂದಿನ ಸಾಲನ್ನು ಎಂದು ನಟರಾಜುವಿಗೆ ಗೊತ್ತಾಯಿತು. ಸಾಲು ಮುಗಿಯುವಾಗ ಅವಳ ಮುಖದಲ್ಲಿ ಏನೋ ಒಂದು ಸಣ್ಣದಾಗಿ ಬದಲಾಯಿತು. ಹಾಡು ತಪ್ಪಲಿಲ್ಲ. ಕಣ್ಣು ಮಾತ್ರ ಒಂದು ಕಡೆಯಿಂದ ಇನ್ನೊಂದು ಕಡೆಗೆ ಸರಿಯಿತು.

ಹಾಡು ಮುಗಿದ ಮೇಲೆ ನಿರೂಪಕಿ ಹೇಮಶ್ರೀಯ ಕೈ ಹಿಡಿದು ವೇದಿಕೆಯ ಮುಂದಕ್ಕೆ ಕರೆತಂದು ಏನೋ ಹೇಳಿದಳು.

"ಈ ಹುಡುಗಿ ತಾಯಿ ಮಸ್ಕತ್ತಲ್ಲೇ ಅವ್ರಂತೆ," ಅಂದ ಸುನೀಲ್ಕುಮಾರ್. "ನಾಲ್ಕು ವರ್ಷ ಆದ್ಮೇಲೆ ಮಗಳನ್ನ ನೋಡ್ತಾವ್ರಂತೆ. ವೇದಿಕೆಗೆ ಕರೀತಾವ್ರೆ."

ನಟರಾಜು ಎದ್ದು ನಿಂತ. ಹಿಂದಿನವರು ಕೂತ್ಕಳಪ್ಪ ಅಂದರು. ಅವನಿಗೆ ಕೇಳಿಸಲಿಲ್ಲ. ಬೆಳಕು ಜನರ ಮೇಲೆ ಹರಿದು ಒಂದು ಕಡೆ ನಿಂತಿತು. ಸುಕನ್ಯ ಎದ್ದಳು. ನೀಲಿ ಚೂಡಿದಾರ ಹಾಕಿದ್ದಳು. ತೆಳ್ಳಗಾಗಿದ್ದಳು. ಕತ್ತರಿಸಿದ ಕೂದಲು ಹೆಗಲ ಹತ್ತಿರ ನಿಂತಿತ್ತು. ಅವಳ ಸೊಂಟದ ಮೇಲೆ ಒಂದು ಹೆಣ್ಣುಮಗು, ಮೂರು ದಾಟಿರಬಹುದು, ಎರಡು ಕೈಯಲ್ಲೂ ಅವಳ ಕುತ್ತಿಗೆಯನ್ನು ಬಿಗಿಯಾಗಿ ಹಿಡಿದುಕೊಂಡಿತ್ತು.

ಯಾರೋ ಮಗುವನ್ನು ಎತ್ತಿಕೊಳ್ಳಲು ಕೈಚಾಚಿದರು. ಮಗು ಕಿರುಚಿತು. ಸುಕನ್ಯ ಒಂದು ಗಳಿಗೆ ಹಿಂದೆ ಮುಂದೆ ನೋಡಿ, ಮಗುವನ್ನು ಎತ್ತಿಕೊಂಡೇ ಮೆಟ್ಟಿಲು ಹತ್ತಿ ಬಂದಳು. ಹೇಮಶ್ರೀ ಓಡಿಬಂದು ಅಮ್ಮನನ್ನು ತಬ್ಬಿಕೊಂಡಳು. ತಬ್ಬಲು ಜಾಗ ಅರ್ಧ ಮಾತ್ರ ಇತ್ತು. ಸುಕನ್ಯ ಒಂದು ಕೈಯಲ್ಲಿ ಮಗಳ ತಲೆಯನ್ನು ಎದೆಗೆ ಒತ್ತಿಕೊಂಡಳು, ಇನ್ನೊಂದು ಕೈಯಲ್ಲಿ ಆ ಮಗು. ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ನಿರೂಪಕಿ ಕಣ್ಣೊರೆಸಿಕೊಂಡು ಮಗುವಿನ ಕೆನ್ನೆ ಮುಟ್ಟಿ ಏನೋ ಅಂದಳು.

ಸುನೀಲ್ಕುಮಾರ್ ಈ ಸಲ ಕನ್ನಡ ಮಾಡಲಿಲ್ಲ.

"ಏನಂದ್ಳಪ್ಪ?" ಅಂದಳು ಕೆಂಪಾಜಮ್ಮ.

"ಏನಿಲ್ಲ ಕಣವ್ವ." ಆಮೇಲೆ ತಡೆಯಲಾರದೆ ಹೇಳಿದ. "ಚಿಕ್ಕ ತಂಗೀನೂ ಬಂದವ್ಳೆ, ಅಂದ್ರು."

ಹೋಟೆಲಿನಲ್ಲಿ ಚಪ್ಪಾಳೆ ನಿಂತಿತು. ತಿಮ್ಮಯ್ಯ ಮೆಲ್ಲಗೆ ಕೇಳಿದ. "ಲೇ ನಟ್ರಾಜ, ಅದ್ಯಾವ ಮಗುಲಾ?"

"ಆ ಮನೆ ಮಗು. ಅವ್ರ ಸೊಸೇದು," ಅಂದ ನಟರಾಜು. ದನಿ ತಾನಂದುಕೊಂಡದ್ದಕ್ಕಿಂತ ಗಟ್ಟಿಯಾಗಿ ಬಂತು. ಫೋನಿನಲ್ಲಿ ಎಷ್ಟೋ ಸಲ ಆ ಮಗುವನ್ನು ಅವನು ನೋಡಿದ್ದ. ಅಲ್ಲಿಗೆ ಹೋದ ಮೊದಲ ವರ್ಷವೇ ಶ್ರೀಧರನ್ ಹೆಂಡತಿಗೆ ಹೆಣ್ಣುಮಗು ಆಯ್ತು, ಮಾಳು ಅಂತ ಕರೀತಾರೆ ಎಂದು ಸುಕನ್ಯ ಹೇಳಿದ್ದಳು. ಎಲ್ಲ ಗೊತ್ತಿದ್ದ ಸಂಗತಿಯೇ. ಆದರೂ ಹಿಂದಿನ ಬೆಂಚಿನಲ್ಲಿ ಯಾರೋ ಕೆಮ್ಮಿದರು. ಕೆಂಪಾಜಮ್ಮ ಸೆರಗು ಹೊದ್ದುಕೊಂಡು, "ನಡಿಯಪ್ಪ, ಮನೇಗ್ ಓಗಣ" ಅಂದಳು. ಭಾರತಕ್ಕೆ ಎಷ್ಟನೆಯ ಸ್ಥಾನ ಬಂತು ಎಂದು ಅವರು ಮಾರನೆಯ ದಿನ ಬೇರೆಯವರಿಂದ ತಿಳಿದರು. ಆರನೆಯದು.

ಊರಿನವರು ನಾಲ್ಕು ದಿನ ಆಡಿಕೊಂಡರು. ಪಂಚರ್ ಹಾಕಿಸಲು ಬಂದವರು ಹಾಡನ್ನು ಹೊಗಳಿ, ಆಮೇಲೆ ಏನೋ ನೆನಪಾದವರಂತೆ, "ಆ ಮಗು..." ಎನ್ನುತ್ತಿದ್ದರು. ನಟರಾಜು ಅದೇ ಉತ್ತರವನ್ನು ಕೊಟ್ಟೂ ಕೊಟ್ಟೂ ದಣಿದ. ಹೆಂಡತಿಯ ಮೇಲೆ ಅವನಿಗೆ ಅನುಮಾನ ಇರಲಿಲ್ಲ. ಕಣ್ಣಿಗೆ ಕಟ್ಟಿದ್ದು ಬೇರೆಯದೇ. ಆ ಮಗುವಿನ ಕೈ. ಸ್ವಂತ ತಾಯಿಯನ್ನು ಹಿಡಿದಂತೆ ಹಿಡಿದ ಆ ಕೈ.

ಹೇಮಶ್ರೀ ವಾಪಸ್ಸಾದಳು. ಹುಣಸೂರಿನ ಶಾಲೆಯಲ್ಲಿ ಹಾರ ಹಾಕಿದರು, ಮಾತಾಡು ಅಂದರು. ಎರಡು ಮಾತಾಡಿ ಕೂತಳು. ಮನೆಗೆ ಬಂದು ಚೀಲ ಬಿಚ್ಚಿದಾಗ ಹಸಿರು ಬಳೆಗಳು ಹಾಗೇ ಇದ್ದವು.

"ಯಾಕವ್ವ, ಕೊಡ್ನಿಲ್ವಾ?"

"ಕೊಟ್ಟೆ. ದೊಡ್ಡವಾದ್ವು. ಕೈಯಿಂದ ಜಾರಿ ಬೀಳ್ತಿದ್ವು. ಅಜ್ಜಿ ಹತ್ರ ಇಟ್ಟಿರು, ದಪ್ಪಗಾದ ಮೇಲೆ ಹಾಕೋತೀನಿ ಅಂತು." ಹೇಮಶ್ರೀ ಬಳೆಗಳನ್ನು ಒಂದರ ಮೇಲೊಂದು ಜೋಡಿಸಿದಳು. ಆಮೇಲೆ ಅಂದಳು. "ಅಪ್ಪ, ನಾನು ಕೇಳಲಿಲ್ಲ."

"ಏನ?"

"ಬಾ ಅಂತ. ಕೇಳಬೇಕು ಅಂತಾನೇ ಹೋಗಿದ್ದೆ. ಹಾಡು ಮುಗಿಸಿ ಕೆಳಗೆ ಇಳಿದ ತಕ್ಷಣ ಕೇಳಬೇಕು ಅಂತ. ಅಪ್ಪ, ಆ ಮಗೂಗೆ ಅಮ್ಮ ಇಲ್ವಂತೆ. ಸತ್ತುಹೋಗಿ ಎರಡು ವರ್ಷದ ಮೇಲಾಯ್ತಂತೆ. ಅದು ನಮ್ಮಮ್ಮನ್ನೇ ಅಮ್ಮ ಅನ್ನುತ್ತೆ. ಅವರ ಭಾಷೇಲೂ ಅಮ್ಮ ಅಂತಲೇ. ನಾನು ಅಮ್ಮ ಅಂದ್ರೆ ಅದೂ ತಿರುಗಿ ನೋಡುತ್ತೆ."

ನಟರಾಜುವಿಗೆ ಇದು ಹೊಸ ಸುದ್ದಿ. ಶ್ರೀಧರನ್ ಹೆಂಡತಿ ತೀರಿಕೊಂಡದ್ದನ್ನು ಸುಕನ್ಯ ಹೇಳಿಯೇ ಇರಲಿಲ್ಲ. ಎರಡು ವರ್ಷದ ಹಿಂದೆ ಅಂದರೆ, ಅವಳು ಮೊದಲ ಸಲ 'ಇನ್ನೊಂದ್ ವರ್ಷ ಇರಲೇನ್ರೀ' ಎಂದು ಕೇಳಿದ ಕಾಲ.

"ಹಾಡುವಾಗ ನಾನು ಅಮ್ಮನ್ನೇ ನೋಡ್ತಿದ್ದೆ," ಅಂದಳು ಹೇಮಶ್ರೀ. "ಮಡಿಲಲ್ಲಿ ಅದು ನಿದ್ದೆ ಮಾಡ್ತಿತ್ತು. ನನ್ನ ಸಾಲು ಬಂದಾಗ ಎಚ್ಚರಾಯ್ತು. ಅಮ್ಮ ಒಂದ್ಸಲ ಅದರ ಬೆನ್ನು ತಟ್ತು. ಅಷ್ಟೇ. ನಂಗೆ ತುಂಬ ಸಿಟ್ಟು ಬಂತು ಅಪ್ಪ. ಆಮೇಲೆ ಹತ್ರ ಬಂದಾಗ ಅದು ನನ್ನ ಜಡೆ ಹಿಡಕೊಂಡು ನಗ್ತು. ನಾನು ಹೆಂಗೆ ಕೇಳ್ಲಿ?"

ಅವನು ಮಗಳನ್ನು ಹತ್ತಿರಕ್ಕೆ ಎಳೆದುಕೊಂಡ. ಅಳುತ್ತಾಳೆ ಅಂದುಕೊಂಡಿದ್ದ. ಅವಳು ಅಳಲಿಲ್ಲ. ಹೋಗುವ ಮುಂಚೆ ಇದ್ದ ಹುಡುಗಿಗಿಂತ ಈ ಹುಡುಗಿ ಸ್ವಲ್ಪ ದೊಡ್ಡವಳಾಗಿದ್ದಾಳೆ ಅನ್ನಿಸಿತು, ಅದು ಅವನಿಗೆ ಇಷ್ಟವಾಗಲಿಲ್ಲ. ಆ ಮಾತು ಕೇಳಬೇಕಾದವನು ತಾನು. ಮಗಳ ಕೈಲಿ ಕಳಿಸಿದ್ದು ತಪ್ಪು.

ಮಾರನೆಯ ದಿನ ಮಧ್ಯಾಹ್ನ ಅಂಗಡಿಯಲ್ಲಿ ಯಾರೂ ಇಲ್ಲದಾಗ ಹೆಂಡತಿಗೆ ಫೋನು ಮಾಡಿದ. ಮುಖ ಕಾಣುವಂತೆ ಅಲ್ಲ, ಬರೀ ಮಾತಿಗೆ. ಮುಖ ಕಂಡರೆ ಮತ್ತೆ ಅದೇ 'ಆಗ್ಲಿ ಬುಡು' ಬಾಯಿಗೆ ಬರಬಹುದೆಂಬ ಅಂಜಿಕೆ.

"ಸುಕನ್ಯ, ಬಂದ್ಬುಡು."

ಆ ಕಡೆಯಿಂದ ಗಾಬರಿಯ ದನಿ. "ಯಾಕ್ರೀ, ಅತ್ತೇಗ್ ಹುಷಾರಿಲ್ವಾ?"

"ಅವ್ವ ಚೆನ್ನಾಗವ್ಳೆ. ಮಗೀಗೂ ಏನಾಗಿಲ್ಲ. ನಂಗೆ ನೀನ್ ಬೇಕು ಕಣೆ. ಅದ್ಕೆ ಬಾ ಅಂತಿವ್ನಿ."

ಹೆದ್ದಾರಿಯಲ್ಲಿ ಒಂದು ಲಾರಿ ಹಾದುಹೋಯಿತು.

"ಒಂದ್ಸಲಾನಾದ್ರೂ ಬಾ ಅಂತೀರೇನೋ ಅಂತ ಪ್ರತಿ ವರ್ಷ ಕೇಳಿದ್ದು ಕಣ್ರೀ ನಾನು," ಅಂದಳು. "ಇರಲೇನ್ರೀ ಅಂತ ಕೇಳಿದ್ರೆ, ಬೇಡ ಬಾ ಅಂತೀರಿ ಅಂದ್ಕೊಂಡೆ. ನೀವು ಆಗ್ಲಿ ಬುಡು ಅಂದ್ರಿ. ಓ, ನಾನಿಲ್ದೇನೂ ಅಲ್ಲಿ ನಡೀತದೆ ಅಂದ್ಕೊಂಡೆ. ಇಲ್ಲಿ ನಾನಿಲ್ದೆ ನಡೀತಿರ್ಲಿಲ್ಲ."

"ಆ ಮಗೀನ ತಾಯಿ ವಿಷ್ಯ ನಂಗೆ ಯಾಕೇಳ್ನಿಲ್ಲ?"

"ಹೇಳಿದ್ರೆ ಪಾಪ ಇರು ಅಂತಿದ್ರಿ. ನಿಮ್ಮ ಬಾಯಲ್ಲಿ ಅದ ಕೇಳೋದ್ ನನ್ ಕೈಲಾಗ್ತಿರ್ಲಿಲ್ಲ."

ಅದು ನಿಜ ಎಂದು ನಟರಾಜುವಿಗೆ ಗೊತ್ತಿತ್ತು. ಅವನು ಹಾಗೇ ಅನ್ನುತ್ತಿದ್ದ. ಫೋನಿನ ಆ ಕಡೆ ಮಗುವಿನ ದನಿ ಕೇಳಿಸಿತು. ಅಮ್ಮ, ಅಮ್ಮ ಎಂದು ಏನೋ ಬೇಡುತ್ತಿತ್ತು. ಸುಕನ್ಯ ಮಲಯಾಳದಲ್ಲಿ ಸಮಾಧಾನ ಮಾಡಿ ಮತ್ತೆ ಫೋನಿಗೆ ಬಂದಳು. ಅವಳ ಮೂಗು ಕಟ್ಟಿತ್ತು.

"ಇವಳನ್ನ ಏನ್ ಮಾಡ್ಲಿ, ಹೇಳಿ?"

"ಅದ ನಾನ್ ಎಂಗೇಳ್ಲಿ ಕಣೆ. ನಂಗೆ ಗೊತ್ತಾಯ್ತಿಲ್ಲ. ಬಾ ಅನ್ನೋದ್ ಒಂದೇ ಗೊತ್ತು."

ಸುಕನ್ಯ ಬಂದಳು. ತಕ್ಷಣ ಅಲ್ಲ. ಶ್ರೀಧರನ್ ಮೊದಲು ಬೇಸರ ಮಾಡಿಕೊಂಡ, ಆಮೇಲೆ ತಾನೇ ಯೋಚಿಸಿ, ಮಾನಂದವಾಡಿಯಲ್ಲಿದ್ದ ತಂಗಿಯ ಮನೆಯಲ್ಲಿ ತಾಯಿಯನ್ನೂ ಮಗಳನ್ನೂ ಬಿಡುವುದೆಂದು ನಿಶ್ಚಯಿಸಿದ. ತಂಗಿಗೆ ಇಬ್ಬರು ಮಕ್ಕಳು, ಮನೆ ತುಂಬ ಜನ. ಮಗು ಹೊಂದಿಕೊಳ್ಳುತ್ತದೆ ಎಂದು ಎಲ್ಲರೂ ಅಂದರು. ಬೇಸಿಗೆ ರಜೆ ಮುಗಿಯುವ ಹೊತ್ತಿಗೆ ಸುಕನ್ಯ ಮಾಳುವನ್ನೂ ಮುದುಕಿಯನ್ನೂ ಕರೆದುಕೊಂಡು ವಿಮಾನದಲ್ಲಿ ಕಣ್ಣೂರಿಗೆ ಬಂದು, ಅವರನ್ನು ಮಾನಂದವಾಡಿಗೆ ಮುಟ್ಟಿಸಿ, ಒಂದು ದಿನ ಅಲ್ಲೇ ಇದ್ದು, ಬಾವಲಿಯ ಕಾಡು ದಾಟಿ ಎಚ್.ಡಿ. ಕೋಟೆಯ ಮೇಲೆ ಹುಣಸೂರಿಗೆ ಬಂದಳು.

ಹುಣಸೂರಿನ ಬಸ್‌ಸ್ಟ್ಯಾಂಡಿನಲ್ಲಿ ನಟರಾಜು, ಹೇಮಶ್ರೀ ಬೆಳಿಗ್ಗೆಯೇ ಬಂದು ಕಾದಿದ್ದರು. ಬಸ್ಸು ಬಂತು. ಸುಕನ್ಯ ಇಳಿದಳು. ಇಷ್ಟು ದಿನ ಈ ಗಳಿಗೆಯನ್ನು ನಟರಾಜು ಎಷ್ಟೋ ರೀತಿ ಊಹಿಸಿಕೊಂಡಿದ್ದ. ಬಂದಾಗ ಅವನು ಮಾಡಿದ್ದು, ಅವಳ ಕೈಯ ಪೆಟ್ಟಿಗೆ ಇಸಿದುಕೊಂಡದ್ದು ಮಾತ್ರ. ಹೇಮಶ್ರೀ ಈ ಸಲ ಎರಡು ಕೈಯಲ್ಲೂ ತಬ್ಬಿಕೊಂಡಳು. ಸುಕನ್ಯ ಮಗಳ ನೆತ್ತಿಯ ಮೇಲೆ ಕೆನ್ನೆಯಿಟ್ಟು ಕಣ್ಣು ಮುಚ್ಚಿದಳು. ಅವಳ ಎಡ ಹೆಗಲ ಮೇಲೆ, ಬಟ್ಟೆಗೆ, ಮಗುವಿನ ಬಾಯಿಂದ ಬಿದ್ದ ಹಾಲಿನ ಕಲೆ ಒಣಗಿತ್ತು.

ಮನೆ ಮತ್ತೆ ಮನೆಯಾಯಿತು. ಸುಕನ್ಯ ಅಡುಗೆಮನೆಯ ಡಬ್ಬಗಳನ್ನೆಲ್ಲ ಜಾಗ ಬದಲಿಸಿ ಅತ್ತೆಯ ಬಾಯಲ್ಲಿ ಬೈಸಿಕೊಂಡಳು. ಕೆಂಪಾಜಮ್ಮನಿಗೆ ಆ ಬೈಯುವುದೇ ಖುಷಿ. ಹೇಮಶ್ರೀ ಅಮ್ಮನ ಪಕ್ಕದಲ್ಲೇ ಓದುತ್ತಿದ್ದಳು, ಅಮ್ಮನ ಪಕ್ಕದಲ್ಲೇ ಮಲಗುತ್ತಿದ್ದಳು. ಊರ ಬಾಯಿ ತಾನೇ ಮುಚ್ಚಿತು.

ಆದರೆ ಊಟಕ್ಕೆ ಬಡಿಸುವಾಗ ಸುಕನ್ಯ ಅನ್ನವನ್ನು ಒಂದು ಪುಟ್ಟ ತಟ್ಟೆಗೆ ತೆಗೆದು, ಮೊಸರು ಹಾಕಿ ಕಲೆಸಿ, ಆಮೇಲೆ ಏನು ಮಾಡಬೇಕೆಂದು ತಿಳಿಯದೆ ಅದನ್ನು ತಾನೇ ತಿನ್ನುತ್ತಿದ್ದಳು. ಸಂಜೆ ಫೋನಿನ ಮುಂದೆ ಕೂತು ಕಾಯುತ್ತಿದ್ದಳು. ಮೊದಮೊದಲು ಮಾಳು ಫೋನಿನಲ್ಲಿ ಅಳುತ್ತಿದ್ದಳು. ಆಮೇಲೆ ಅಳು ನಿಂತಿತು. ಆಮೇಲೆ ಆಟ ಬಿಟ್ಟು ಬರುವುದಿಲ್ಲ ಎಂದು ಮಾಳುವಿನ ಅತ್ತೆ, ಶ್ರೀಧರನ್ ತಂಗಿ, ಹೇಳತೊಡಗಿದಳು. ಅಂಥ ದಿನ ಸುಕನ್ಯ, "ಒಳ್ಳೇದೇ ಆಯ್ತು, ಹೊಂದ್ಕೋತಾ ಅವ್ಳೆ" ಎಂದು ನಗುತ್ತಾ ಎದ್ದು ಹೋಗಿ, ಹಿತ್ತಲಲ್ಲಿ ಒಗೆದ ಬಟ್ಟೆಯನ್ನೇ ಮತ್ತೆ ಒಗೆಯುತ್ತಿದ್ದಳು.

ನಟರಾಜು ನೋಡುತ್ತಿದ್ದ. ಬಸ್ಸುಗಳನ್ನು ನೋಡುತ್ತಾ ತಾನು ನಿಲ್ಲುತ್ತಿದ್ದ ಹಾಗೆ ಈಗ ಅವಳು ನಿಂತಿದ್ದಾಳೆ ಎಂದು ಅವನಿಗೆ ತಿಳಿಯುತ್ತಿತ್ತು. ಹೆಂಡತಿಯನ್ನು ಕರೆಸಿಕೊಂಡೆ, ಅವಳೊಳಗಿನ ಒಂದು ತುಂಡು ಕಾಡಿನ ಆಚೆಯೇ ಉಳಿಯಿತು. ಇದಕ್ಕೆ ಯಾರ ಮೇಲೆ ಸಿಟ್ಟು ಮಾಡುವುದು?

ಒಂದು ಭಾನುವಾರ ಅವನು ಅಂಗಡಿ ತೆರೆಯಲಿಲ್ಲ. "ಬಟ್ಟೆ ಆಕ್ಕಳಿ, ಮಾನಂದವಾಡಿಗೆ ಓಗ್ಬರಾನ" ಅಂದ.

ಸುಕನ್ಯ ಅವನ ಮುಖ ನೋಡಿದಳು. "ಅಂಗಡಿ?"

"ಅಂಗ್ಡಿ ಎಲ್ಲಿಗ್ ಓದದು."

ಮೂವರೂ ಹೊರಟರು. ಎಚ್.ಡಿ. ಕೋಟೆಯಲ್ಲಿ ಬಸ್ಸು ಬದಲಿಸಿ, ಅಂತರಸಂತೆ ದಾಟಿ ಕಾಡಿಗೆ ಬಿದ್ದರು. ಹೇಮಶ್ರೀ ಜಿಂಕೆ ಕಂಡಾಗಲೆಲ್ಲ ಅಮ್ಮನ ತೊಡೆ ತಟ್ಟುತ್ತಿದ್ದಳು. ಸುಕನ್ಯ ಹೂಂ ಅನ್ನುತ್ತಿದ್ದಳು. ಮಡಿಲಲ್ಲಿ ಬಿಸ್ಕತ್ತಿನ ಪೊಟ್ಟಣ, ಕೆಂಪು ರಿಬ್ಬನ್ನು, ಒಂದು ಪ್ಲಾಸ್ಟಿಕ್ ಆನೆ.

ಮಾನಂದವಾಡಿಯ ಆ ಮನೆಯ ಅಂಗಳದಲ್ಲಿ ಮಕ್ಕಳು ಆಡುತ್ತಿದ್ದರು. ಸುಕನ್ಯ ಗೇಟಿನಲ್ಲೇ ನಿಂತು, "ಮಾಳೂ" ಅಂದಳು. ಮಗು ತಿರುಗಿ ನೋಡಿತು. ಗುರುತು ಸಿಗಲಿಲ್ಲ ಎನ್ನುವ ಹಾಗಿರಲಿಲ್ಲ. ಚೆನ್ನಾಗಿಯೇ ಸಿಕ್ಕಿತ್ತು. ಅದಕ್ಕೇ ಅದು ಓಡಿಹೋಗಿ ತನ್ನ ಅತ್ತೆಯ ಸೀರೆಯ ಹಿಂದೆ ನಿಂತು, ಮುಖ ಮುಚ್ಚಿಕೊಂಡಿತು.

"ನಾಚಿಕೆ," ಅಂದಳು ಅತ್ತೆ.

"ಅಲ್ಲ, ಸಿಟ್ಟು," ಅಂದಳು ಸುಕನ್ಯ.

ಒಳಗೆ ಕರೆದು ಕೂರಿಸಿದರು. ಮುದುಕಿ ಸುಕನ್ಯಳ ಕೈ ಹಿಡಿದು ಬಿಡಲಿಲ್ಲ. ಚಹಾ ಕೊಟ್ಟರು, ಊಟ ಹಾಕಿದರು. ಮಾಳು ಬಾಗಿಲ ಸಂದಿಯಿಂದ ನೋಡುತ್ತಾ, ಇವರು ನೋಡಿದರೆ ಮರೆಯಾಗುತ್ತಾ ಇದ್ದಳು. ಸುಕನ್ಯ ಆನೆಯನ್ನು ನೆಲದ ಮೇಲಿಟ್ಟಳು, ಕರೆಯಲಿಲ್ಲ. ಹೊರಡುವ ಹೊತ್ತು ಹತ್ತಿರವಾಯಿತು. ಕತ್ತಲಾಗುವ ಮುಂಚೆ ಬಾವಲಿಯ ಗೇಟು ಹಾಕುತ್ತಾರೆ, ಅಷ್ಟರೊಳಗೆ ಕಾಡು ದಾಟಬೇಕು.

ಹೇಮಶ್ರೀ ಎದ್ದು ಬಾಗಿಲ ಹತ್ತಿರ ಹೋಗಿ ಕೆಳಗೆ ಕೂತಳು. ತನ್ನ ಜಡೆಯನ್ನು ಮುಂದಕ್ಕೆ ಹಾಕಿಕೊಂಡು ಬಿಚ್ಚಿ, ಮತ್ತೆ ಹೆಣೆಯತೊಡಗಿದಳು. ಸ್ವಲ್ಪ ಹೊತ್ತಿಗೆ ಮಾಳು ಹೊರಗೆ ಬಂದು ಅವಳ ಪಕ್ಕ ನಿಂತಳು. ಆಮೇಲೆ ಅವಳ ಮಡಿಲಲ್ಲಿ ಕೂತಳು. ಹೇಮಶ್ರೀ ಆ ಗಿಡ್ಡ ಕೂದಲನ್ನು ಬಾಚಿ ಕೆಂಪು ರಿಬ್ಬನ್ನು ಕಟ್ಟಿದಳು. ಅಷ್ಟು ಹೊತ್ತೂ ಮಾಳು ಸುಕನ್ಯಳನ್ನೇ ನೋಡುತ್ತಿದ್ದಳು, ಹತ್ತಿರ ಮಾತ್ರ ಬರಲಿಲ್ಲ. ಸುಕನ್ಯಳೂ ಕೂತ ಜಾಗದಿಂದ ಅಲುಗಾಡಲಿಲ್ಲ.

ವಾಪಸ್ಸು ಬರುವಾಗ ಸುಕನ್ಯ ಕಿಟಕಿಯ ಪಕ್ಕ ಕೂತಳು. ಕಾಡು ಶುರುವಾದ ಮೇಲೆ ಅಂದಳು. "ಇನ್ನು ಬರೋದು ಬೇಡ ಕಣ್ರೀ. ನಾವ್ ಬಂದಷ್ಟೂ ಅವಳಿಗೆ ಕಷ್ಟ."

"ನಿಂಗೆ?"

ಅವಳು ಸೆರಗಿನಲ್ಲಿ ಮುಖ ಒರೆಸಿಕೊಂಡಳು. ಹೇಮಶ್ರೀ ಅಮ್ಮನ ತೊಡೆಯ ಮೇಲೆ ತಲೆಯಿಟ್ಟು ಆಗಲೇ ನಿದ್ದೆ ಹೋಗಿದ್ದಳು. ನಟರಾ‌ಜು ಹೆಂಡತಿಯ ಕೈಯನ್ನು ತನ್ನ ಕೈಯೊಳಗೆ ತೆಗೆದುಕೊಂಡ. ಎಷ್ಟು ತೆಳ್ಳಗಿದೆ ಎಂದು ಈಗ ಅವನಿಗೆ ಸರಿಯಾಗಿ ಗೊತ್ತಾಯಿತು.

"ಮುಂದಿನ್ ತಿಂಗ್ಳೂ ಬರಾನ," ಅಂದ. "ಅವ್ಳು ಮಾತಾಡ್ಸಲಿ ಬುಡ್ಲಿ."

ಸುಕನ್ಯ ಕೈ ಬಿಡಿಸಿಕೊಳ್ಳದೆ ಕಿಟಕಿಯಾಚೆಯ ಕಾಡನ್ನು ನೋಡಿದಳು. ಬಸ್ಸು ಬಾವಲಿಯ ಗೇಟಿನಲ್ಲಿ ನಿಂತಿತು. ಕಾವಲಿನವನು ಒಳಗೆ ಇಣುಕಿ ನೋಡಿ, ಹೋಗಿ ಎಂದು ಕೈಬೀಸಿದ.